ಮದುವೆ ಅಕ್ಷರ

ಲಿಂಗಸುಗೂರು,
೧೩ ಮೇ ೧೯೪೮

ಚಿರಂಜೀವಿ ಆದೆಪ್ಪನಿಗೆ ನಿನ್ನ ತಂದೆ ಗದ್ದೆಪ್ಪನ ಆಶೀರ್ವಾದಗಳು.

ಗದಗಿನಲ್ಲಿ ಹೊಟ್ಟೆತುಂಬ ಉಣ್ಣುತ್ತೀಯೋ ಇಲ್ಲವೋ? ತಲೆಗೆ ಅರಿವೆ ಸುತ್ತದೆ ಬಿಸಿಲಲ್ಲಿ ಅಲೆಯಬೇಡ. ನಿನ್ನ ಅವ್ವ ಜೀವ ಹಿಡಿದುಕೊಂಡಿದ್ದಾಳೆ. ತಂಗಿ ಸಂಗಮ್ಮನ ಮದುವೆ ಹತ್ತಿರ ಬಂದರೂ ಅರಿಶಿಣ ಹಚ್ಚಿಲ್ಲ. ನನಗಂತೂ ಹುಚ್ಚು ಹಿಡಿಯುವುದೊಂದು ಬಾಕಿ ಮಗನೇ.

ನೀನು ಗಡಿ ದಾಟಿ ಗದಗಿಗೆ ಹೋಗುವ ಮುಂಚೆ ನಮ್ಮ ಛಾಪಖಾನೆಯಲ್ಲಿ ನಿಜಾಮನ ವಿರುದ್ಧ ಕದ್ದು ಕರಪತ್ರ ಅಚ್ಚು ಹಾಕಿದೆಯಲ್ಲ, ಅದಕ್ಕೆ ಮದುವೆ ಅಕ್ಷರವನ್ನೇ ಯಾಕೆ ಎತ್ತಿಕೊಂಡೆ? ಸಾದಾ ಅಚ್ಚುಮೊಳೆಗಳ ಪೆಟ್ಟಿಗೆ ಪಕ್ಕದಲ್ಲೇ ಇತ್ತು. ಒತ್ತುವಲ್ಲಿ ದಪ್ಪ, ತಿರುಗುವಲ್ಲಿ ಕೂದಲೆಳೆ, ಬಾಲದ ತುದಿಗೊಂದು ಮೊಗ್ಗು; ಸಿಂಧನೂರು, ಮಸ್ಕಿ ಎಲ್ಲ ಸುತ್ತಿದರೂ ಅಂಥ ಅಕ್ಷರ ನಮ್ಮಲ್ಲಿ ಬಿಟ್ಟರೆ ಇನ್ನಾರಲ್ಲಿದೆ? ಮದುವೆ, ತೊಟ್ಟಿಲು, ಗೃಹಪ್ರವೇಶ ಇಷ್ಟಕ್ಕೇ ಅದು. ಯಾರಾದರೂ ಸತ್ತವರ ಸುದ್ದಿಗೆ ಕೇಳಿದರೆ, ಮೊಳೆ ಜೋಡಿಸುವ ನಮ್ಮ ದಸ್ತಗೀರ್‌ಸಾಬ್ "ಈ ಅಕ್ಷರ ನಗತೈತ್ರೀ, ಸಾವಿನ ಮನಿಗೆ ಕಳಸಬ್ಯಾಡ್ರಿ" ಎಂದು ಪೆಟ್ಟಿಗೆ ಮುಚ್ಚುತ್ತಿದ್ದ. ನಿನಗೆ ಮಾತ್ರ ಬಂಡಾಯಕ್ಕೂ ಸೊಗಸು ಬೇಕಾಯಿತು. ಸಣ್ಣವನಿದ್ದಾಗಿನಿಂದ ಹಾಗೆಯೇ ನೀನು, ಹರಿದ ಅಂಗಿಗೂ ಇಸ್ತ್ರಿ ಕೇಳುವವನು.

ಸಿಂಧನೂರು ಸಂತೆಯಲ್ಲಿ ಕರಪತ್ರ ಪೊಲೀಸ್ ಅಮೀನನ ಕೈಗೆ ಸಿಕ್ಕಿದೆ. ಅವನಿಗೆ ಕನ್ನಡ ಓದಲು ಬರುವುದಿಲ್ಲ, ಓದುವ ಗರಜೂ ಬೀಳಲಿಲ್ಲ. ನಮ್ಮ ಕಡೆ ಮದುವೆ ಪತ್ರಿಕೆಯನ್ನು ತಲಬಾಗಿಲಿಗೆ ಅಂಟಿಸುತ್ತಾರಲ್ಲ, ಮಸ್ಕಿಯಲ್ಲಿ ಬೀಗರ ಬಾಗಿಲಿನಿಂದ ನಿನ್ನ ತಂಗಿಯ ಪತ್ರಿಕೆ ಕಿತ್ತು, ಕರಪತ್ರದ ಪಕ್ಕ ಹಿಡಿದು ನೋಡಿದ. ಮೊಗ್ಗಿಗೆ ಮೊಗ್ಗು ಕೂಡಿತು. ನೆಟ್ಟಗೆ ಛಾಪಖಾನೆಗೆ ಬಂದು, ಜೋಡಿಸಿದವರು ಯಾರು ಎಂದ. ನಾನು ಬಾಯಿ ಬಿಡುವ ಮೊದಲೇ ದಸ್ತಗೀರ್‌ಸಾಬ್ "ಇಲ್ಲಿ ಮೊಳಿ ಮುಟ್ಟಾಂವ ನಾ ಒಬ್ಬನ" ಎಂದುಬಿಟ್ಟ. ಅವನಿಗೆ ಹಗ್ಗ ಬಿಗಿದು ಎಳೆದೊಯ್ದರು.

ಸುಳ್ಳೇಕೆ ಹೇಳಲಿ, ಠಾಣೆಗೆ ಹೋಗಿ ನಿನ್ನ ಹೆಸರನ್ನೂ ಹೇಳಿದೆ. ಅಮೀನ ನಕ್ಕ. ಗಡಿ ದಾಟಿದವನ ಮೇಲೆ ಎಲ್ಲರೂ ತಪ್ಪು ಹಾಕುತ್ತಾರೆ, ಇಲ್ಲಿರುವ ಕೈ ತೋರಿಸು ಎಂದ. ಮನೆಗೆ ಬಂದು ಮೊಳೆಗಳನ್ನೆಲ್ಲ ಕರಗಿಸಲು ಒಲೆ ಹಚ್ಚಿದೆ. ಆದರೆ ಊರೂರಿನ ಬಾಗಿಲ ಮೇಲಿರುವುದನ್ನು ಹೇಗೆ ಕರಗಿಸಲಿ? ದಸ್ತಗೀರನ ಹೆಂಡತಿ ಕರೀಮಾಬಿ ನಮ್ಮ ಕಟ್ಟೆ ಬಿಟ್ಟು ಏಳುತ್ತಿಲ್ಲ. ಬಯ್ಯದೆ, ಅಳದೆ "ಕಾಕಾ, ಅವರು ಯಾವಾಗ ಬರತಾರ್ರೀ?" ಎಂದಷ್ಟೇ ಕೇಳುತ್ತಾಳೆ. ಅವಳ ಮುಖ ನೋಡಲು ನನ್ನಿಂದಾಗುವುದಿಲ್ಲ ಮಗನೇ, ಆಗುವುದೇ ಇಲ್ಲ.

ಬಳೆಗಾರ್ತಿ ಪೀರಮ್ಮನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ, ಓದಿ ಸುಟ್ಟುಬಿಡು. ಹೊತ್ತು ಹೊತ್ತಿಗೆ ಉಣ್ಣು. ದೇವರು ನಿನ್ನನ್ನು ಕಾಯಲಿ.

ನಿನ್ನ ತಂದೆ,
ಗದ್ದೆಪ್ಪ

ತಾ.ಕ.: ಕೈಗೆ ಮಸಿ ಬಳಿದುಕೊಂಡು ಈಗಲೇ ಠಾಣೆಗೆ ಹೊರಟಿದ್ದೇನೆ, ಜೋಡಿಸಿದವನು ನಾನೇ ಎನ್ನುತ್ತೇನೆ. ನೀನು ಬಂದರೆ ನನ್ನಾಣೆ. ಅವ್ವ, ಸಂಗಮ್ಮ ಇಬ್ಬರೂ ಪೀರಮ್ಮನ ಜೊತೆ ಅಲ್ಲಿಗೆ ಬರುತ್ತಿದ್ದಾರೆ, ಬೀಗರೂ ಒಪ್ಪಿದ್ದಾರೆ. ಮದುವೆ ಅಲ್ಲೇ ಮಾಡು, ನನ್ನ ಪಾಲಿನ ಅಕ್ಕಿಕಾಳು ನೀನೇ ಹಾಕು. ಮುಂದೆ ನನ್ನ ಸುದ್ದಿ ಏನಾದರೂ ಬಂದು ಅಚ್ಚು ಹಾಕಿಸುವುದಾದರೆ, ಸಾದಾ ಅಕ್ಷರದಲ್ಲಿ ಹಾಕಿಸಪ್ಪಾ.