ಕಾವಲಣ್ಣನ ಪರವಾಗಿ

ಹಳೇಬೀಡು
ಭಾನುವಾರ, 16 ಫೆಬ್ರವರಿ 2025

ಗೆಂಡೆಹಳ್ಳಿಯ ದ್ಯಾವಮ್ಮನವರಿಗೆ, ಪುನೀತನಿಗೆ ಇಂಗ್ಲಿಷ್ ಪಾಠ ಹೇಳುತ್ತಿದ್ದ ಹೇಮಾಶ್ರೀಯ ನಮಸ್ಕಾರ.

ನಿಮ್ಮ ಮಗ ತನಗೆ ಜ್ವರ ಇದೆ ಎಂದು ಬಾಯಿಬಿಟ್ಟು ಹೇಳಿದ್ದ. ಈ ಒಂದು ವಾಕ್ಯ ಬಿಟ್ಟು ಉಳಿದೆಲ್ಲವನ್ನೂ ಬರೆದು, ನಿಮ್ಮೆಲ್ಲರ ಆರೋಗ್ಯ ವಿಚಾರಿಸಿ, ಕಾಗದ ಮಡಿಸುವುದರಲ್ಲಿದ್ದೆ. ಅದನ್ನು ಹರಿದುಹಾಕಿ ಈ ಮಾತನ್ನು ಮೊದಲಿಗೇ ತಂದಿದ್ದೇನೆ. ಬರೆಯುತ್ತ ಹೋದಂತೆ ನನ್ನ ಧೈರ್ಯ ಕುಂದಿದರೂ ನಿಮಗೆ ತಲುಪಬೇಕಾದದ್ದು ತಲುಪಿರಲಿ.

ದಯವಿಟ್ಟು ಇದನ್ನು ದಿವ್ಯಶ್ರೀಯ ಕೈಲಿ ಓದಿಸಬೇಡಿ. ಅವಳ ಅಣ್ಣನ ವಿಷಯ, ಅವಳಿನ್ನೂ ಚಿಕ್ಕವಳು. ನಿಧಾನವಾದರೂ ನೀವೇ ಓದಿಕೊಳ್ಳಿ.

ಪುನೀತನ ಟ್ರಂಕು ತೆಗೆದುಕೊಂಡು ಹೋಗಲು ನೀವೂ ನಿಮ್ಮ ಯಜಮಾನರು ಸಣ್ಣಯ್ಯನವರೂ ಬಂದ ದಿನ ನಾನು ಹಾಸ್ಟೆಲಿನ ಬಾಗಿಲಲ್ಲಿ ನಿಂತಿದ್ದೆ. ನೀವು ಅವನ ಬೂಟುಗಳನ್ನು ಸೆರಗಿನಿಂದ ಒರೆಸುತ್ತ ಕೇಳಿದಿರಿ: "ಒಂದ್ ಮಾತು ಯೋಳ್ಬಾರ್ದಿತ್ತಾ ಮಿಸ್ಸೇ? ಮೈ ಬಿಸಿ ಐತೆ ಅಂತ ಒಂದ್ ಮಾತು? ನಂದೇ ತಪ್ಪು. ಮಿಲ್ಟ್ರಿಗೆ ಓಗೋನು ನೋವು ಗೀವು ಅನ್ಬಾರ್ದು ಕಣಪ್ಪಾ ಅಂತ ಯೋಳಿ ಯೋಳಿ ಕಳ್ಸಿದ್ದು ನಾನೇಯ." ಸಣ್ಣಯ್ಯನವರು ಬೇರೆ ಕಡೆ ನೋಡುತ್ತ, "ಸುಮ್ಕಿರೇ, ಬಸ್ಸಿಗ್ ಒತ್ತಾಯ್ತದೆ" ಎಂದರು. ಊರಿನಲ್ಲಿ ನಿಮ್ಮ ಓರಗಿತ್ತಿ, "ಪಾದ್ರಿ ಮಿಲ್ಟ್ರಿ ಸ್ಕೂಲಿಗಾಕಿ ಮಗನ್ನ ಮೂಗ ಮಾಡ್ಬುಟ್ಲು" ಎಂದು ಆಡಿಕೊಳ್ಳುವುದನ್ನೂ ನೀವೇ ಹೇಳಿದಿರಿ. ನಾನು ನಿಮ್ಮ ಭುಜ ಹಿಡಿದುಕೊಂಡೆ, ಅಷ್ಟೆ. ಆಗ ನನಗೆ ಗೊತ್ತಿರಲಿಲ್ಲ ಎಂಬುದು ನಿಜ. ಗೊತ್ತಾದ ಮೇಲೂ ಒಂದು ವಾರ ಸುಮ್ಮನಿದ್ದೆ ಎಂಬುದೂ ನಿಜ.

ನಮ್ಮ ಶಾಲೆಯ ಒಂದು ಪದ್ಧತಿಯನ್ನು ಬಿಡಿಸಿ ಹೇಳದೆ ಆ ಬೆಳಗ್ಗೆ ನಡೆದದ್ದು ನಿಮಗೆ ಅರ್ಥವಾಗುವುದಿಲ್ಲ. ಪ್ರತಿಯೊಬ್ಬರನ್ನೂ ಒಬ್ಬ ಕಾವಲುದೂತ ಕಾಯುತ್ತಾನೆ ಎಂಬುದು ಕ್ರೈಸ್ತರ ನಂಬಿಕೆ. ಅಕ್ಟೋಬರಿನಲ್ಲಿ ಆ ದೂತರ ಹಬ್ಬ ಬರುತ್ತದೆ. ಅವತ್ತು ಶಾಲೆಯ ಚರ್ಚಿನಲ್ಲಿ ಪಿಯು ಹುಡುಗರು ಒಬ್ಬೊಬ್ಬರೂ ಆರನೇ ಕ್ಲಾಸಿನ ಒಬ್ಬೊಬ್ಬ ಹುಡುಗನ ತಲೆಯ ಮೇಲೆ ಕೈಯಿಟ್ಟು, "ಇವನ ಮಾತು ನನ್ನದು, ಇವನ ತಪ್ಪು ನನ್ನದು" ಎನ್ನುತ್ತಾರೆ. ಅಂದಿನಿಂದ ದೊಡ್ಡವನು ಆ ಚಿಕ್ಕವನಿಗೆ ಕಾವಲಣ್ಣ. ಹಿಂದೂ ಹುಡುಗರೇ ಹೆಚ್ಚಿದ್ದರೂ ಯಾರೂ ಇದರಿಂದ ಹೊರಗಿಲ್ಲ. ಚಿಕ್ಕವನು ಆ ವರ್ಷವೆಲ್ಲ ಮಾಸ್ತರರ ಹತ್ತಿರ ನೇರವಾಗಿ ಏನನ್ನೂ ಕೇಳುವಂತಿಲ್ಲ. ಹೊಟ್ಟೆ ನೋಯಲಿ, ಕಂಬಳಿ ಕಳೆಯಲಿ, ಕಾವಲಣ್ಣ ಮುಂದೆ ನಿಂತು ಹೇಳಬೇಕು. ಚಿಕ್ಕವನು ತಪ್ಪು ಮಾಡಿದರೆ ಶಿಕ್ಷೆಯೂ ಕಾವಲಣ್ಣನಿಗೇ. ಆದರೆ ಕಾವಲಣ್ಣ ತನಗಾಗಿ ಏನನ್ನೂ ಕೇಳುವಂತಿಲ್ಲ. ಅದೇ ಅವನ ದೊಡ್ಡತನ ಎಂದು ನಾವು ಹೇಳಿಕೊಡುತ್ತೇವೆ.

ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುವ ಪದ್ಧತಿ ಇದು. ನನಗೂ ಚೆನ್ನಾಗಿಯೇ ಕಂಡಿತ್ತು. ಮಕ್ಕಳು ಮೇಣದಬತ್ತಿ ಹಿಡಿದು ಜೋಡಿ ಜೋಡಿಯಾಗಿ ನಡೆದುಬರುವಾಗ ಪ್ರತಿ ವರ್ಷ ಕಣ್ಣೊರೆಸಿಕೊಂಡವಳು ನಾನು. ದೊಡ್ಡವನ ಪರವಾಗಿ ಯಾರು ಮಾತಾಡಬೇಕು ಎಂದು ಒಮ್ಮೆಯೂ ಕೇಳಲಿಲ್ಲ.

ಪುನೀತನ ಪಾಲಿಗೆ ಬಂದವನು ಬಾಣಾವರದ ಸುನಿಲ್. ಗುಬ್ಬಚ್ಚಿಯಂಥ ಹುಡುಗ. "ಹೇಗಿದಾನೋ ನಿನ್ನ ತಮ್ಮ?" ಎಂದು ನಾನೊಮ್ಮೆ ಕೇಳಿದಾಗ ಪುನೀತ, "ನಾನು ಇವನಿಗೆ ಕಾವಲಣ್ಣ ಮಿಸ್. ಇವನು ನಮ್ಮಮ್ಮನ ಚಕ್ಲಿ ಡಬ್ಬಕ್ಕೆ ಕಾವಲಣ್ಣ. ಡಬ್ಬ ಭದ್ರವಾಗಿದೆ, ಚಕ್ಲಿ ಮಾತ್ರ ಇಲ್ಲ" ಎಂದಿದ್ದ. ನೀವು ಸುಟ್ಟು ಕಳಿಸಿದ್ದನ್ನು ಹೆಚ್ಚಾಗಿ ತಿಂದವನು ಸುನಿಲನೇ. ಇದು ನಿಮಗೆ ಸಂತೋಷ ಕೊಡುತ್ತದೋ ಸಂಕಟ ಕೊಡುತ್ತದೋ ತಿಳಿಯದೆಯೇ ಬರೆಯುತ್ತಿದ್ದೇನೆ.

ಗಣರಾಜ್ಯೋತ್ಸವದ ಪೆರೇಡಿನಲ್ಲಿ, ಅತಿಥಿಗಳ ಮುಂದೆಯೇ, ಸುನಿಲನ ಕೈಯಿಂದ ಮರದ ಬಂದೂಕು ಜಾರಿ ಬಿತ್ತು. ಮಾರನೆಯ ಬೆಳಗ್ಗೆ ಅದರ ಶಿಕ್ಷೆ ಪುನೀತನಿಗೆ. ಇಬ್ಬರ ಬಂದೂಕುಗಳನ್ನೂ ತಲೆಯ ಮೇಲೆ ಎತ್ತಿ ಹಿಡಿದು, ಸಾಕು ಎನ್ನುವವರೆಗೆ ಮೈದಾನ ಸುತ್ತಬೇಕು. ಸಾಕು ಎನ್ನಬೇಕಾದವರು ಡ್ರಿಲ್ ಮಾಸ್ತರರು. ಪೋಷಕರ ದಿನ ಸಣ್ಣಯ್ಯನವರಿಗೆ ಸೆಲ್ಯೂಟ್ ಹೊಡೆದು, "ನಮ್ಗೂ ಸಲೂಟಾ!" ಎಂದು ಅವರನ್ನು ನಗಿಸಿದ್ದ ಎತ್ತರದ ಮನುಷ್ಯ ನಿಮಗೆ ನೆನಪಿರಬಹುದು. ಅವರ ಹೆಸರು ಜವರಪ್ಪ. ಅವರು ನನ್ನ ಗಂಡ.

ಪುನೀತ ಮೈದಾನದ ಆಚೆ ತುದಿಯಲ್ಲಿ ಬಿದ್ದದ್ದು, ಹಾಸನದ ಆಸ್ಪತ್ರೆಗೆ ಕರೆದೊಯ್ದದ್ದು, ಅವನ ರಕ್ತದಲ್ಲಿ ಡೆಂಗಿ ಇದ್ದದ್ದು, ಮರುದಿನ ಅವನು ಹೋದದ್ದು ಎಲ್ಲ ನಿಮಗೆ ಗೊತ್ತು. ಹುಡುಗ ಜ್ವರ ಮುಚ್ಚಿಟ್ಟಿದ್ದ ಎಂದು ನನ್ನ ಗಂಡ ಪೊಲೀಸರಿಗೆ ಹೇಳಿಕೆ ಕೊಟ್ಟರು. ಅದನ್ನೇ ಶಾಲೆಯ ಮುಖ್ಯಸ್ಥರಾದ ಫಾದರ್ ನಿಮಗೆ ಸಾಂತ್ವನ ಪತ್ರದಲ್ಲಿ ಬರೆದರು. ಅವರು ಬರೆದದ್ದು ಇಂಗ್ಲಿಷಿನಲ್ಲಿ, ಅದನ್ನು ಕನ್ನಡಕ್ಕೆ ತಂದವಳು ನಾನು. ನಿಮ್ಮ ಹತ್ತಿರವಿರುವ ಆ ಪತ್ರದ ಅಕ್ಷರವನ್ನೂ ಈ ಅಕ್ಷರವನ್ನೂ ಜೊತೆಗಿಟ್ಟು ನೋಡಿ. ಹುಡುಗ ತನ್ನ ಜ್ವರವನ್ನು ತಿಳಿಸಿದಂತೆ ಕಂಡುಬರುವುದಿಲ್ಲ ಎಂದು ಫಾದರ್ ಬರೆದಿದ್ದರು. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದು ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವಳು ನಾನು, ಕನ್ನಡದಲ್ಲಿ ಉದ್ದದ ವಾಕ್ಯ ನನಗೆ ತೊಡಕು. "ತಿಳಿಸಲಿಲ್ಲ" ಎಂದು ಚಿಕ್ಕದಾಗಿ ಮುಗಿಸಿದೆ. ತೊಡಕಿನಿಂದಲೇ ಹಾಗೆ ಮಾಡಿದೆನೋ, ಗಂಡನ ಮಾತು ಖಚಿತವಾಗಿ ಕಾಣಲಿ ಎಂದು ಮಾಡಿದೆನೋ ಎಂದು ಈಗಲೂ ಕೇಳಿಕೊಳ್ಳುತ್ತೇನೆ.

ಪುನೀತ ಹೋದ ಮೇಲೆ ಸುನಿಲ್ ಮಾತಾಡುವುದನ್ನು ನಿಲ್ಲಿಸಿಬಿಟ್ಟ. ಅವನಿಗೆ ಇನ್ನೊಬ್ಬ ಕಾವಲಣ್ಣನನ್ನು ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಪೊಲೀಸರು ಬಂದಾಗಲೂ ಅವನು ಪಕ್ಕಕ್ಕೆ ತಿರುಗಿ, ಪುನೀತ ನಿಲ್ಲುತ್ತಿದ್ದ ಜಾಗವನ್ನು ನೋಡುತ್ತ ನಿಂತಿದ್ದನಂತೆ. ಹೆದರಿದ್ದಾನೆ ಎಂದು ಅವನನ್ನು ಬಿಟ್ಟರು. ಕಳೆದ ಭಾನುವಾರ ಅವನನ್ನು ನಮ್ಮ ಮನೆಗೆ ಕರೆದು ದೋಸೆ ಹಾಕಿಕೊಟ್ಟೆ. "ಇವತ್ತು ನಾನೇ ನಿನ್ನ ಕಾವಲಣ್ಣ, ಹೇಳೋ" ಎಂದೆ. ಅವನು ಬಹಳ ಯೋಚಿಸಿ, "ಹೆಂಗಸ್ರು ಕಾವಲಣ್ಣ ಆಗಕಾಗಲ್ಲ ಮಿಸ್" ಎಂದ. ಅಷ್ಟು ದಿನಗಳಲ್ಲಿ ಅವನಾಡಿದ ಮೊದಲ ಮಾತು ಅದು. ಆಮೇಲೆ ತಟ್ಟೆ ನೋಡುತ್ತ ಎಲ್ಲವನ್ನೂ ಹೇಳಿದ.

ಪುನೀತ ಸಾಲಿನಿಂದ ಮುಂದೆ ಬಂದು, "ಸರ್, ಜ್ವರ ಇದೆ. ಇವನಿಗಲ್ಲ ಸರ್, ನನಗೆ. ನಾಳೆ ಬೇಕಾದರೆ ಎರಡರಷ್ಟು ಓಡ್ತೀನಿ" ಎಂದನಂತೆ. ನನ್ನ ಗಂಡ ಕೈ ಚಾಚಿ ಸುನಿಲನ ಹಣೆ ಮುಟ್ಟಿದರಂತೆ. "ತಣ್ಣಗಿದಾನಲ್ಲೋ! ನಡಿ, ಎತ್ತು ಬಂದೂಕ" ಎಂದರಂತೆ. ಸಾಲಿನಲ್ಲಿದ್ದ ಹುಡುಗರು ನಕ್ಕರು; ಆಮೇಲೆ ಪೊಲೀಸರ ಮುಂದೆ ಮಾಸ್ತರರ ಮಾತಿಗೆ ಎದುರಾಡಲು ಅವರಲ್ಲಿ ಯಾರಿಗೂ ಧೈರ್ಯ ಬರಲಿಲ್ಲವಂತೆ. ಪುನೀತ ಎರಡೂ ಬಂದೂಕುಗಳನ್ನು ಎತ್ತಿಕೊಳ್ಳುತ್ತ ಸುನಿಲನಿಗೆ, "ಮುಂದಿನ ಸಲ ಕೈಗೆ ಗೋಂದು ಹಚ್ಕೊಂಡ್ ಬಾರೋ ಕೋತಿ" ಎಂದು ಹೇಳಿ ಓಡಿದ.

ಅಂದು ಸಂಜೆಯೇ ನನ್ನ ಗಂಡನನ್ನು ಕೇಳಿದೆ. ಅವರು ಇಲ್ಲವೆನ್ನಲಿಲ್ಲ. "ಜ್ವರ ಅನ್ನೋದಷ್ಟೇ ಕಿವಿಗೆ ಬಿತ್ತು. ಕಾವಲಣ್ಣ ಜ್ವರ ಅಂದರೆ ಚಿಕ್ಕೋನಿಗೆ ಅಂತಲೇ ಲೆಕ್ಕ. ಕೈ ತಾನಾಗೇ ಅವನ ಹಣೆಗೆ ಹೋಯ್ತು" ಎಂದರು. ನಾನು ನಂಬಿದೆ. ಇಷ್ಟು ವರ್ಷ ಅವರ ಕೈ ಅಲ್ಲಿಗೇ ಹೋಗುವುದನ್ನು ನಾನೇ ನೋಡಿದ್ದೇನೆ. ಮಾರನೆಯ ದಿನ ಫಾದರ್ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿ, "ಆ ತಾಯಿಗೆ ಈಗ ಬೇಕಾಗಿರುವುದು ಸಮಾಧಾನ, ಟೀಚರ್. ವಿವರ ಅಲ್ಲ" ಎಂದರು.

ನಿಮಗೆ ಸಮಾಧಾನ ಸಿಕ್ಕಿದ್ದರೆ ಬಹುಶಃ ನಾನೂ ಸುಮ್ಮನಾಗಿಬಿಡುತ್ತಿದ್ದೆ. ಬೂಟು ಒರೆಸುತ್ತ ನೀವು ಕೇಳಿದ್ದು ವಿವರವನ್ನೇ. ಅದು ಸಿಗದಿದ್ದಕ್ಕೆ ತಪ್ಪನ್ನು ನಿಮ್ಮ ತಲೆಯ ಮೇಲೆ ಹಾಕಿಕೊಂಡಿರಿ. ಆದರೂ ಒಂದು ವಾರ ತಡೆದೆ. ನನ್ನ ಗಂಡನ ಮೇಲೆ ಕೇಸಾದರೆ, ಕ್ವಾರ್ಟರ್ಸ್ ಬಿಡಬೇಕಾಗಿ ಬಂದರೆ ಎಂದು ಯೋಚಿಸಿದೆ. ನಮ್ಮ ಮಗಳು ಸಿರಿಗೆ ಮುಂದಿನ ತಿಂಗಳು ಪರೀಕ್ಷೆ, ಅದು ಮುಗಿಯಲಿ ಎಂದುಕೊಂಡೆ. ನನ್ನ ಮಗಳ ಪರೀಕ್ಷೆ ಮುಗಿಯುವವರೆಗೆ ನೀವು ನಿಮ್ಮನ್ನೇ ಬೈದುಕೊಳ್ಳುತ್ತಿರಲಿ ಎಂದಂತಾಯಿತಲ್ಲ ಎನಿಸಿದ ಮೇಲೆ ಪೆನ್ನು ಹಿಡಿದೆ.

ಸುನಿಲನ ತಂದೆ ಏಕಾಂತಯ್ಯ ನಿನ್ನೆ ಬಂದು ಮಗನನ್ನು ಬಾಣಾವರಕ್ಕೆ ಕರೆದುಕೊಂಡು ಹೋದರು. "ಯಾರ್ ಕೇಳಿದ್ರೂ ನನ್ ಮಗ ಯೋಳ್ತಾನೆ ಕಣ್ ಮೇಡಂ, ನಾನ್ ಪಕ್ದಲ್ಲಿ ನಿಂತ್ಕತೀನಿ" ಎಂದಿದ್ದಾರೆ. ಈ ಕಾಗದವನ್ನು ನೀವು ಯಾರಿಗೆ ಬೇಕಾದರೂ ತೋರಿಸಿ, ಪೊಲೀಸರಿಗೆ ಕೊಡಿ. ಕರೆದಲ್ಲಿಗೆ ಬಂದು ಇದನ್ನೇ ಹೇಳುತ್ತೇನೆ.

ನಿಮ್ಮ ಓರಗಿತ್ತಿಗೂ ಹೇಳಿ, ಅವನು ಮೂಗನಾಗಿರಲಿಲ್ಲ. ನೀವು ಹೇಳಿಕೊಟ್ಟದ್ದನ್ನೂ ನಾವು ಹೇಳಿಕೊಟ್ಟದ್ದನ್ನೂ ಮೀರಿ ಅವನು ತನಗಾಗಿ ಕೇಳಿದ, ಎಲ್ಲರೆದುರೇ ಕೇಳಿದ. ಕ್ಷಮಿಸಿ ಎಂದು ನಾನು ಬರೆಯುವುದಿಲ್ಲ. ಅದಕ್ಕೆ ಉತ್ತರ ಕೊಡುವ ಭಾರವೂ ನಿಮ್ಮ ಮೇಲೆ ಬೀಳುತ್ತದೆ.

ಇಂತಿ,
ಹೇಮಾಶ್ರೀ

ತಾ.ಕ.: ಇದನ್ನು ಮುಗಿಸಿ ಮೇಜಿನ ಮೇಲೆ ತೆರೆದೇ ಇಟ್ಟಿದ್ದೆ. ನನ್ನ ಗಂಡ ಓದಿದರು. ಹರಿಯಲಿಲ್ಲ, ಕಳಿಸಬೇಡ ಎನ್ನಲಿಲ್ಲ. "ಕೈ ತಾನಾಗೇ ಹೋಯ್ತು ಅನ್ನೋದನ್ನ ಹೊಡೆದುಹಾಕು" ಎಂದರು. ಅವತ್ತು ಸಾಲು ನೋಡುತ್ತ ಬಂದಾಗ ಪುನೀತನ ಕಾಲರ್ ಸರಿಮಾಡಿದ್ದರಂತೆ. ಅವನ ಕತ್ತು ಕೆಂಡದಂತೆ ಸುಡುತ್ತಿತ್ತಂತೆ. "ಒಬ್ಬ ಕಾವಲಣ್ಣನ್ನ ಬಿಟ್ಟರೆ ನಾಳೆಯಿಂದ ಎಲ್ಲರೂ ಕೇಳ್ತಾರೆ ಅಂದ್ಕೊಂಡೆ. ಗೊತ್ತಿದ್ದೇ ಚಿಕ್ಕೋನ ಹಣೆ ಮುಟ್ಟಿದ್ದು" ಎಂದರು. ನಾನು ಹೊಡೆದುಹಾಕಿಲ್ಲ. ಅವರು ಮೊದಲು ಹೇಳಿದ್ದು, ಈಗ ಹೇಳಿದ್ದು, ಎರಡೂ ನಿಮ್ಮ ಕೈಯಲ್ಲಿರಲಿ. ಇದರ ಕೆಳಗೆ ಸಹಿ ಹಾಕುತ್ತೀರಾ ಎಂದು ಕೇಳಿದೆ. ಪೆನ್ನು ಹಿಡಿದವರು ಅದನ್ನು ಕೆಳಗಿಟ್ಟು ಹೊರಗೆ ಹೋದರು. ಅವರಿಗಾಗಿ ಕಾಯುವುದಿಲ್ಲ. ಇದನ್ನು ರಿಜಿಸ್ಟರ್ ಮಾಡಿ ಅಂಚೆಗೆ ಹಾಕುವುದು ನಾಳೆ, ಸೋಮವಾರ, 17 ಫೆಬ್ರವರಿ 2025.