ಎಡಗಂಕುಳಿನ ಅಳತೆ

ಹೊಲಿಗೆ ಅಂಗಡಿಯಿಂದ,
ಮಾರ್ಚ್ ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ತರಬೇತಿಯ ಗದ್ದಲದಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ, ಚಹಾದಲ್ಲೇ ದಿನ ತಳ್ಳುತ್ತಿದ್ದೀಯೋ? ನಾನು ಗಟ್ಟಿಯಾಗಿದ್ದೇನೆ. ನಿನ್ನ ಮಗಳೂ ಈಗ ಚೆನ್ನಾಗಿದ್ದಾಳೆ. ‘ಈಗ’ ಎಂದದ್ದಕ್ಕೆ ಗಾಬರಿಯಾಗಬೇಡ, ಪೂರ್ತಿ ಓದು.

ಒಂದೂವರೆ ತಿಂಗಳ ಹಿಂದೆ ಅವಳಿಗೊಂದು ಫ್ರಾಕ್ ಹೊಲಿಯೋಣವೆಂದು ಅಳತೆ ತೆಗೆದೆ. ಎಡಗಂಕುಳಿಗೆ ಟೇಪು ಸುತ್ತಿದರೆ ಬಲಕ್ಕಿಂತ ಮುಕ್ಕಾಲು ಇಂಚು ಹೆಚ್ಚು. ನಲವತ್ತು ವರ್ಷ ಹೊಲಿದ ಕೈ ತಪ್ಪುವುದುಂಟೇ ಎಂದು ಮುಟ್ಟಿದರೆ ಗೋಲಿಗಿಂತ ದೊಡ್ಡ ಗಂಟು! ಪಕ್ಕದ ಬೀದಿಯ ಡಾಕ್ಟರು ಕೊಟ್ಟ ಔಷಧಿ ಹತ್ತು ದಿನ ಕುಡಿಸಿದರೂ ಅದು ಜಪ್ಪಯ್ಯ ಎಂದರೂ ಕರಗಲಿಲ್ಲ. ಆಸ್ಪತ್ರೆಯ ಸರ್ಜನ್ “ಕೊಯ್ದು ನೋಡೋಣ” ಎಂದು ದಿನವನ್ನೂ ಗೊತ್ತುಮಾಡಿದರು. ಕ್ಷಯವೋ, ಬಾಯಲ್ಲಿ ಆಡಬಾರದ ಇನ್ನೊಂದೋ ಎಂದು ರಾತ್ರಿ ಎದ್ದೆದ್ದು ಗಂಟನ್ನು ಮುಟ್ಟಿ ನೋಡುತ್ತಿದ್ದೆ. ನಿನಗೆ ಬರೆಯುವ ಧೈರ್ಯವೂ ಬರಲಿಲ್ಲ, ಬೈಯುವುದಿದ್ದರೆ ಬೈದುಬಿಡು.

ಮನಸ್ಸು ತಡೆಯದೆ ಮಕ್ಕಳ ಡಾಕ್ಟರಮ್ಮನಿಗೂ ತೋರಿಸಿದೆ. ಗಂಟಿನ ಅಳತೆಯನ್ನು ನಾನು ದಿನಾ ಬರೆದಿಟ್ಟ ಪುಸ್ತಕ ನೋಡಿ ಆಕೆಗೆ ಖುಷಿಯೋ ಖುಷಿ. “ಮನೇಲಿ ಬೆಕ್ಕು ಗಿಕ್ಕು ಇದೆಯಾ?” ಎಂದು ಕೇಳಿದರು. ಇಲ್ಲ ಎಂದೆ. ಆಕೆ ಮಗುವಿನ ಎಡಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಹೆಬ್ಬೆರಳ ಬುಡದಲ್ಲಿ ಒಣಗಿದ ಸಣ್ಣ ಗೀರು. ನಿನ್ನ ಮಗಳು ತಟ್ಟನೆ ಕೈ ಎಳೆದುಕೊಂಡು ನನ್ನ ಮುಖ ನೋಡಿದಳು. ಆಗ ಹೊಳೆಯಿತು ನನಗೆ. “ಮನೇಲಿಲ್ಲಮ್ಮ, ಅಂಗಡೀಲಿದೆ” ಎಂದೆ. ನಿನಗೆ ಹೇಳದೆ ಸಾಕಿದ ಮರಿ ಅದು, ಚಿಂದಿ ಬಟ್ಟೆಯ ಬುಟ್ಟಿಯಲ್ಲಿ ಮಲಗುತ್ತದೆ. ಕೇಳಿದ್ದು ಮನೆಯ ಬೆಕ್ಕನ್ನಲ್ಲವೇ ಎಂದು ನಾನು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ! ಡಾಕ್ಟರಮ್ಮ ನಕ್ಕರು, ನಾನು ನಾಚಿ ನೀರಾದೆ. ಬೆಕ್ಕು ಪರಚಿದಾಗ ಒಳಹೊಕ್ಕ ಬ್ಯಾಕ್ಟೀರಿಯಾದಿಂದ, ಗೀರು ಮಾಯ್ದ ಮೇಲೆ ಹೀಗೆ ಕಂಕುಳಲ್ಲಿ ಗಂಟಾಗುವುದುಂಟಂತೆ. ರಕ್ತಪರೀಕ್ಷೆಯೂ ಅದನ್ನೇ ಹೇಳಿತು. ಕೊಯ್ಯುವುದು ರದ್ದಾಯಿತು. ಬೇರೆ ಔಷಧಿ ಐದೇ ದಿನ, ಉಳಿದದ್ದು ತಾನಾಗಿಯೇ ಇಳಿಯುತ್ತದೆ ಎಂದರು. ಇವತ್ತಿನ ಅಳತೆಯಲ್ಲಿ ವ್ಯತ್ಯಾಸ ಕಾಲಿಂಚು ಅಷ್ಟೇ. ಎಷ್ಟೋ ದಿನದ ಮೇಲೆ ಹಾಯಾಗಿ ಕೂತು ಹೊಲಿಯುತ್ತಿದ್ದೇನೆ.

ಚೆನ್ನಾಗಿ ಕಲಿತು ನಗುನಗುತ್ತಾ ಬಾ. ನಿನಗೆ ಒಳ್ಳೆಯದಾಗಲಿ.

ನಿನ್ನ
ಅಮ್ಮ

ಬರೆಯಲು ಮರೆತಿದ್ದೆ: ಗೀರನ್ನು ಯಾಕೆ ಬಚ್ಚಿಟ್ಟೆ ಎಂದು ಕೇಳಿದ್ದಕ್ಕೆ ಅವಳು, “ಅಮ್ಮಂಗೆ ಗೊತ್ತಾದ್ರೆ ಮರೀನ ಎಲ್ಲಾದ್ರೂ ಬಿಟ್ಟು ಬರ್ತಾಳೆ ಅಜ್ಜಿ” ಎಂದಳು. ಕೊಯ್ಯಿಸಿಕೊಳ್ಳಲು ತಯಾರಿದ್ದಳು ಕಣೆ, ಬಾಯಿ ಬಿಡಲು ಮಾತ್ರ ಇಲ್ಲ. ಚಿಗಟ ತೆಗೆಸಿ, ಉಗುರು ಕತ್ತರಿಸಿ, ಮರಿ ಇರಲಿ ಎಂದು ಡಾಕ್ಟರಮ್ಮನೇ ಹೇಳಿದ್ದಾರೆ. ಅಮ್ಮ ಅದನ್ನು ಎಲ್ಲೂ ಬಿಟ್ಟು ಬರುವುದಿಲ್ಲ ಎಂದು ನಾನೂ ಮಾತು ಕೊಟ್ಟೆ. ನನ್ನ ಮಾತು ಸಾಲದಂತೆ, ನಿನ್ನ ಕೈಬರಹದಲ್ಲೇ ಬೇಕಂತೆ. ಈ ಕಾಗದ ಹೊರಡುವ ಮೊದಲೇ ಅಂಚೆಯವನು ಬಂದಾಗಲೆಲ್ಲ ಬಾಗಿಲಿಗೆ ಓಡುತ್ತಾಳೆ. ಬೇಗ ಎರಡು ಸಾಲು ಬರೆ.