ಪ್ರತಿಕಾಯ ಎಂದರೆ ಪ್ರತಿ ಕಾಯಿ ಅಲ್ಲ

ಮಾನ್ಯ ಸಂಶೋಧನಾ ಅನುದಾನ ಅಧಿಕಾರಿಗಳೇ,

ತಿಪಟೂರು ಸೀಮೆಯಲ್ಲಿ ತೆಂಗಿನಕಾಯಿ ಯಥೇಚ್ಛವಾಗಿ ದೊರೆಯುವುದರಿಂದ ಅದನ್ನು ಹೊರದೇಶದಿಂದ ತರಿಸಲು ಅನುಮತಿ ಇಲ್ಲ ಎಂಬ ತಮ್ಮ ಆದೇಶ ತಲುಪಿದೆ. ಎರಡು ಸಲ ಓದಿದೆ. ಅದರಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಇಲ್ಲಿ ಕಾಯಿ ಸಿಗುವುದು ನಿಜ. ಇಲ್ಲಿದ್ದುಕೊಂಡು ಕಾಯಿಯನ್ನು ಹೊರದೇಶದಿಂದ ತರಿಸುವವನಿಗೆ ತಲೆ ಕೆಟ್ಟಿದೆ ಎಂಬುದೂ ನಿಜ. ತೊಂದರೆ ಇಷ್ಟೇ: ನಾನು ತೆಂಗಿನಕಾಯಿಯನ್ನು ಕೇಳಿರಲಿಲ್ಲ. ಕೇಳಿದ್ದು ಪ್ರತಿಕಾಯವನ್ನು, ಅಂದರೆ ಆಂಟಿಬಾಡಿಯನ್ನು.

ವಿಜ್ಞಾನದ ಅನುದಾನ ಹಂಚುವ ಕುರ್ಚಿಯಲ್ಲಿರುವ ತಮಗೆ ವಿಜ್ಞಾನ ವಿವರಿಸುವುದು ಅಧಿಕಪ್ರಸಂಗ. ಈ ಬಹಿರಂಗ ಪತ್ರವನ್ನು ಪತ್ರಿಕೆಯಲ್ಲಿ ಓದುವ ಉಳಿದವರಿಗಾಗಿ ಹೇಳುತ್ತೇನೆ. ನಮ್ಮ ಜೀವಕೋಶದೊಳಗೆ ಡಿಎನ್ಎ ಎಂಬ ಎಳೆ ಹಿಸ್ಟೋನ್ ಎಂಬ ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಆ ಉಂಡೆಗಳಿಗೆ ಗುರುತು ಹಾಕಿ, ಎಳೆಯ ಯಾವ ಭಾಗ ಮುಚ್ಚಿರಬೇಕೆಂದು ತೀರ್ಮಾನಿಸುವ ಕಿಣ್ವವೊಂದಿದೆ. ಕೆಲವು ಕ್ಯಾನ್ಸರುಗಳಲ್ಲಿ ಅದು ಅತಿಯಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಅದು ತಾನಾಗಿ ಕಾಣುವುದಿಲ್ಲ. ಅದನ್ನೇ ಹುಡುಕಿ ಅಂಟಿಕೊಳ್ಳುವ ಪ್ರತಿಕಾಯ ಬೇಕು. ಇದು ಮೊಲದ ರಕ್ತದಿಂದ ತೆಗೆದ ದ್ರವ. ಒಂದು ಪುಟ್ಟ ಸೀಸೆ ಸಾಕು, ಆದರೆ ಅದು ಹೊರದೇಶದಿಂದಲೇ ಬರಬೇಕು.

ಬೇಕಾಗಿರುವುದು ನನ್ನ ವಿದ್ಯಾರ್ಥಿನಿ ಸುನಿತಾಗೆ. ಹುಳಿಯಾರು ಕಡೆಯ ಹಟ್ಟಿಯ ಹುಡುಗಿ, ಎಂ.ಫಿಲ್. ಮಾಡುತ್ತಿದ್ದಾಳೆ. ಕಡ್ಡಿಪುಡಿ ತಂಬಾಕು ಹಾಕುವ ಹೆಂಗಸರ ಬಾಯಿಯ ಜೀವಕೋಶಗಳಲ್ಲಿ ಈ ಕಿಣ್ವ ಹೆಚ್ಚಿದೆಯೇ ಎಂಬುದು ಅವಳ ಪ್ರಶ್ನೆ. ಮೊದಲು ಬಾಯಿ ತೆರೆದವರು ಅವಳ ಅಜ್ಜಿ ಕಾಳಕ್ಕ. ಅವರನ್ನು ನೋಡಿ ಉಳಿದವರೂ ಒಪ್ಪಿದರು. ಕೆನ್ನೆಯ ಒಳಬದಿಯಿಂದ ನವಿರಾಗಿ ಕೆರೆದ ಕೋಶಗಳು ಈಗ ಗಾಜಿನ ಸ್ಲೈಡುಗಳ ಮೇಲಿವೆ. ಇಟ್ಟಷ್ಟೂ ಹಳತಾಗುತ್ತವೆ, ಆಮೇಲೆ ಪ್ರತಿಕಾಯ ಬಂದರೂ ಏನೂ ತೋರಿಸಲಾರವು.

ಅನಾಹುತ ಆದದ್ದು ಹೀಗೆ. ಪತ್ರವ್ಯವಹಾರ ಕನ್ನಡದಲ್ಲೇ ಇರಬೇಕೆಂದು ತಮ್ಮ ಸುತ್ತೋಲೆ. ಸಂತೋಷದಿಂದ 'ಪ್ರತಿಕಾಯ' ಎಂದು ಬರೆದೆ. ತಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ಕೊನೆಯ ಅಕ್ಷರಕ್ಕೆ ಒಂದು ಗುಡಿಸು ಬಂದು ಕೂತಿತು: 'ಪ್ರತಿಕಾಯಿ'. ಮುಂದಿನ ಮೇಜಿನ ಯಾರೋ ಅಚ್ಚುಕಟ್ಟಿನವರು ಅದನ್ನು ಬಿಡಿಸಿ 'ಪ್ರತಿ ಕಾಯಿ' ಮಾಡಿದರು. ಅರ್ಜಿದಾರ ತಿಪಟೂರಿನವನು, ಇನ್ನು ಅನುಮಾನವೆಲ್ಲಿ? ಕಾಯಿ ಸಿಪ್ಪೆ ಸಹಿತವೋ ಸುಲಿದದ್ದೋ ಸ್ಪಷ್ಟಪಡಿಸುವಂತೆ ಜ್ಞಾಪನ ಬಂತು. ಇದು ಮೊಲದಿಂದ ಪಡೆಯುವ ಪ್ರತಿಕಾಯ ಎಂದು ಉತ್ತರಿಸಿದೆ. ಅದನ್ನೂ ನನ್ನ ಕಾಗುಣಿತದ ದೋಷವೆಂದು ದಯೆಯಿಂದ ತಿದ್ದಿಕೊಂಡು, 'ಮೊಲದಿಂದ ಕಾಯಿ ಪಡೆಯುವ ವಿಧಾನ'ವನ್ನು ಪರಿಶೀಲಿಸಲು ತೆಂಗಿನ ತಜ್ಞರೊಬ್ಬರನ್ನು ಕಾಲೇಜಿಗೇ ಕಳಿಸಿದಿರಿ.

ಬಂದವರು ತೋಂಟದಾರ್ಯ ಎಂಬ ಸಜ್ಜನರು. ಕಾಯಿ ಎಲ್ಲಿದೆ ಎಂದು ಕೇಳಿದರು. ಇನ್ನೂ ಬಂದಿಲ್ಲ, ಬಂದರೆ ಇಷ್ಟೇ ಇರುತ್ತದೆ ಎಂದು ಕಿರುಬೆರಳಿನಷ್ಟು ಉದ್ದದ ಖಾಲಿ ಸೀಸೆ ತೋರಿಸಿದೆ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಈಟ್ ಸಣ್ಣಕ್ಕೆ ಇಳಿದೈತೆ ಅಂದ್ರೆ ನುಸಿನೇ ಕಣ್ರೀ. ನಮ್ ನೊಣವಿನಕೆರೆ ತೋಟದಾಗೂ ಹಿಂಗೇ ಆಗೈತೆ. ಬೇರಿಗೆ ಬೇವಿನ ಔಸ್ತಿ ಕೊಡಿ."

ಅವರನ್ನು ದೂರಲಾರೆ. ತೆಂಗಿಗೆ ನುಸಿ ಪೀಡೆ ಬಂದಾಗಿನಿಂದ ಈ ಸೀಮೆಯಲ್ಲಿ ಸಣ್ಣಗಾದದ್ದೆಲ್ಲ ನುಸಿಯಿಂದಲೇ. ಆದರೆ ಕಾಯಿ ಕಿರುಬೆರಳಿನ ಗಾತ್ರಕ್ಕೆ ಕುಗ್ಗಿದೆ ಎಂಬ ಅವರ ವರದಿಗೆ ಸಹಿ ಹಾಕುವಾಗ ತಮಗೆ ಒಂದು ಕ್ಷಣವೂ ವಿಚಿತ್ರವೆನಿಸಲಿಲ್ಲವೇ? ಜೀವಶಾಸ್ತ್ರದ ಮೇಷ್ಟ್ರು ಮೊಲದ ಹೊಟ್ಟೆಯಿಂದ ತೆಂಗಿನಕಾಯಿ ತೆಗೆಯುತ್ತಾನೆಂದು ನಂಬಲು ಸಿದ್ಧರಾದ ತಾವು, ಕಚೇರಿಯಲ್ಲಿ ಒಂದು ಅಕ್ಷರ ತಪ್ಪಾಗಿರಬಹುದೆಂದು ನಂಬಲು ಮಾತ್ರ ಏಕೆ ಸಿದ್ಧರಿರಲಿಲ್ಲ?

ಕಳೆದ ಭಾನುವಾರ ಸುನಿತಾಳ ಹಟ್ಟಿಗೆ ಹೋಗಿದ್ದೆ. ಕಾಳಕ್ಕ ನೇರವಾಗಿ ಕೇಳಿದರು: "ಮೇಷ್ಟ್ರೇ, ನಾ ಬಾಯಿ ತೆಗ್ದೆ ಅಂತ ಹಟ್ಟಿ ಹೆಂಗಸ್ರೆಲ್ಲ ತೆಗುದ್ರು. ಒಳಗೇನೈತೆ ಅಂತ ನೀವು ಹೇಳದಂಗೆ ಸುಮ್ಕಿದ್ರೆ ಅವ್ರಿಗೆ ನಾನೇನ್ ಹೇಳ್ಲಿ?"

ನನಗಿಂತ ಮೊದಲು ಸುನಿತಾಳೇ ಹೇಳಿದಳು: "ನೋಡೋ ಔಸ್ತಿ ಬಂದಿಲ್ಲ ಕಣಜ್ಜಿ. ಕಾಯಿನಾಗೆ ಸಿಗಾಕ್ಕಂಡೈತೆ."

"ಹಂಗಾರೆ ಒಡ್ದು ಈಚೆಗೆ ತೆಗೀರಿ," ಎಂದರು ಕಾಳಕ್ಕ, ನಗದೆ.

ಅಷ್ಟು ಕಠಿಣ ಕ್ರಮ ಬೇಡ. ಆ 'ಯಿ' ಮೇಲಿನ ಗುಡಿಸನ್ನು ಗುಡಿಸಿ ಹಾಕಿ, ಆದೇಶ ಹಿಂಪಡೆದು, ಸ್ಲೈಡುಗಳು ಕೆಡುವ ಮೊದಲು ಒಂದು ಸಹಿ ಮಾಡಿ. ಅದೂ ಆಗದಿದ್ದರೆ ಹುಳಿಯಾರಿನ ಬಸ್ಸು ಹತ್ತಿ ಬನ್ನಿ. ಹಟ್ಟಿಯ ಹೆಂಗಸರ ಮುಂದೆ ಕೂತು, ತೆರೆದ ಬಾಯಿಗೆ ಉತ್ತರ ಯಾಕೆ ಸಿಗಲಿಲ್ಲವೆಂದು ತಾವೇ ವಿವರಿಸಿ. ಭಯ ಬೇಡ. ಅವರಿಗೆ ಓದಲು ಬರುವುದಿಲ್ಲ. ಆದರೆ ಹೇಳಿದ್ದು ಸರಿಯಾಗಿ ಅರ್ಥವಾಗುತ್ತದೆ.

ಇಂತಿ,
ತಮ್ಮ ಕಡತದಲ್ಲಿ ತೆಂಗಿನ ಆಮದುದಾರ, ಸ್ವಂತಕ್ಕೆ ಒಂದು ಸಸಿಯೂ ಇಲ್ಲದ
ಶಂಭುಲಿಂಗಯ್ಯ
ಜೀವಶಾಸ್ತ್ರ ಅಧ್ಯಾಪಕ, ತಿಪಟೂರು